ಅಕ್ಕೋರ ಅಕ್ಷರ

ಧರ್ಮಣ್ಣ ಅಫಜಲಪುರದ ತಾಲೂಕು ಕಚೇರಿಯ ಮೆಟ್ಟಿಲು ಹತ್ತಿದನೆಂದರೆ ಒಳಗಿದ್ದವರಿಗೆಲ್ಲ ಒಂದೊಂದು ಕೆಲಸ ನೆನಪಾಗುತ್ತಿತ್ತು. ಒಬ್ಬರಿಗೆ ಬ್ಯಾಂಕು, ಇನ್ನೊಬ್ಬರಿಗೆ ಹಲ್ಲುನೋವು, ಮತ್ತೊಬ್ಬರಿಗೆ ಬಿಸಿಲಲ್ಲಿ ನಿಲ್ಲಿಸಿ ಬಂದ ಗಾಡಿ. ಕೊನೆಗೆ ಕುರ್ಚಿಯಲ್ಲಿ ಉಳಿಯುತ್ತಿದ್ದವಳು ಶಿರಸ್ತೇದಾರ ಮಸರತ ಒಬ್ಬಳೇ. ಮಾಹಿತಿ ಹಕ್ಕಿನ ಅರ್ಜಿಗಳಿಗೆ ಉತ್ತರ ಕೊಡುವ ಹೊಣೆ ಅವಳ ಕೊರಳಿಗೆ ಬಿದ್ದಿತ್ತು. ಅವಳಿಗೆ ಹಲ್ಲು ನೋಯುವ ಹಾಗಿರಲಿಲ್ಲ.

ಹಾಗಂತ ಧರ್ಮಣ್ಣ ಕೆಟ್ಟವನೇನಲ್ಲ. ಅವನು ಕೇಳುತ್ತಿದ್ದದ್ದೆಲ್ಲ ನ್ಯಾಯವಾದದ್ದೇ, ಅದೇ ತೊಂದರೆ. ಅತನೂರಿನಿಂದ ಒಳಗೆ ಹೋದರೆ ಸಿಗುವ ಅತ್ತಿವಾಡ ಅವನ ಊರು. ಊರ ಹಿಂದಿನಿಂದ ಹಳ್ಳ ದಾಟಿ ಹೊಲಗಳಿಗೆ ಹೋಗುವ ಬಂಡಿದಾರಿಯೊಂದು ಅಲ್ಲಿತ್ತು. ಹೋದ ವರ್ಷ ಶಂಕರಲಿಂಗ ಅದಕ್ಕೆ ತಂತಿಬೇಲಿ ಎಳೆದು, ಇದು ನನ್ನ ಹೊಲ, ಇಲ್ಲಿ ಯಾವ ಕಾಲಕ್ಕೂ ದಾರಿ ಇರಲಿಲ್ಲ ಎಂದುಬಿಟ್ಟ. ಆಚೆ ಹೊಲದವರು ತೊಗರಿಯ ಚೀಲ ತಲೆಮೇಲೆ ಹೊತ್ತು ಊರೆಲ್ಲ ಸುತ್ತಿ ಬರಬೇಕಾಯಿತು. ಎದುರು ಮಾತಾಡುವವರಿರಲಿಲ್ಲ. ಶಂಕರಲಿಂಗನಿಗೆ ಟ್ರ್ಯಾಕ್ಟರುಗಳಿದ್ದವು, ಟ್ರ್ಯಾಕ್ಟರಿನ ಹಿಂದೆ ನಿಂತುಕೊಂಡು ತಿರುಗುವ ಹುಡುಗರಿದ್ದರು.

ಧರ್ಮಣ್ಣ ತಹಸೀಲ್ದಾರರಿಗೆ ದೂರು ಕೊಟ್ಟ. ಅಲ್ಲಿ ದಾರಿ ಇತ್ತು ಎಂದು ಹೇಳುವ ಸಾಕ್ಷಿ ಬೇಕಾಯಿತು. ಕುರಿ ಕಾಯುವ ಬೀರಣ್ಣ ಮುಂದೆ ಬಂದ. ನನ್ನಪ್ಪನ ಕಾಲದಿಂದ ಅದೇ ದಾರಿಯಲ್ಲಿ ಕುರಿ ಹೊಡೆದಿದ್ದೇವೆ ಎಂದು ಪಂಚಾಯಿತಿ ಕಟ್ಟೆಯ ಮುಂದೆ ನಿಂತು ಹೇಳಿದ. ಧರ್ಮಣ್ಣ ಹಿಗ್ಗಿನಿಂದ ಅದನ್ನು ಫೋನಿನಲ್ಲಿ ಹಿಡಿದು, ಮೇಲೆ ‘ಸತ್ಯಕ್ಕೆ ಜಯ’ ಎಂದು ಬರೆದು, ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ. ಆ ವಾರವೇ ಬೀರಣ್ಣನ ಬಲಗೈ ಮುರಿಯಿತು. ಮುರಿದವರು ಯಾರೆಂದು ಊರಿಗೆಲ್ಲ ಗೊತ್ತಿತ್ತು, ಪೊಲೀಸರಿಗೆ ಮಾತ್ರ ಗೊತ್ತಾಗಲಿಲ್ಲ. ಈಗ ಬೀರಣ್ಣ ಎಡಗೈಯಲ್ಲಿ ಕೋಲು ಹಿಡಿಯುತ್ತಾನೆ. ಕೇಳಿದರೆ, ದಾರಿಯೂ ಗೊತ್ತಿಲ್ಲ ಬೇಲಿಯೂ ಗೊತ್ತಿಲ್ಲ ಎನ್ನುತ್ತಾನೆ.

ಅದಾದ ಮೇಲೆ ಯಾರೂ ಬಾಯಿ ಬಿಡಲಿಲ್ಲ. ಆದರೂ ಒಂದು ದಿನ ಟಪಾಲಿನಲ್ಲಿ ಒಂದು ಹೇಳಿಕೆ ಬಂದು ಕಡತ ಸೇರಿತು. ಆ ಸುಳಿವು ಹ್ಯಾಗೋ ಹಿಡಿದ ಧರ್ಮಣ್ಣ ಈಗ ಹೊಸ ಅರ್ಜಿ ಹಾಕಿದ್ದ. ವಿಚಾರಣೆಗೆ ಬಂದ ಎಲ್ಲ ಹೇಳಿಕೆಗಳ ನಕಲು ಬೇಕು, ವಕೀಲರಿಗೆ ತೋರಿಸಬೇಕು. ಟೈಪು ಮಾಡಿ ಕೊಟ್ಟರೆ ಆಗದು, ಮೂಲ ಕಾಗದದ ನಕಲೇ ಆಗಬೇಕು, ಟೈಪಿನಲ್ಲಿ ಯಾರು ಏನು ಬೇಕಾದರೂ ಸೇರಿಸಬಹುದು ಎಂದು ವಕೀಲರು ಹೇಳಿದ್ದಾರೆ.

ಮಸರತಳಿಗೆ ಅತ್ತಿವಾಡ ಹೊಸದಲ್ಲ. ಹುಟ್ಟಿ ಬೆಳೆದ ಊರು. ಅಜ್ಜ ಹುಸೇನಸಾಬರ ಚಹದಂಗಡಿ ಅಲ್ಲೇ ಇತ್ತು. ಅಜ್ಜ ಹೋದ ಮೇಲೆ ಅಪ್ಪ ಮನೆ ಮಾರಿ ಕಲಬುರಗಿಗೆ ಬಂದ. ಆಮೇಲೆ ಓದು, ನೌಕರಿ, ಮದುವೆ, ಜೇವರ್ಗಿ, ಆಳಂದ ಎಂದು ವರ್ಗಾವಣೆ. ಊರು ಹಿಂದೆಯೇ ಉಳಿಯಿತು. ಕಡತದ ಮೇಲೆ ಅತ್ತಿವಾಡದ ಹೆಸರು ಕಂಡಾಗಲೆಲ್ಲ ಅವಳ ಮೂಗಿಗೆ ಅಜ್ಜನ ಒಲೆಯ ಹೊಗೆ ಹತ್ತಿದಂತಾಗುತ್ತಿತ್ತು, ಅಷ್ಟೇ.

ಆ ದಿನ ಧರ್ಮಣ್ಣ ಹೋದ ಮೇಲೆ ಅವಳು ಕಡತ ಬಿಚ್ಚಿದಳು. ಹೇಳಿಕೆ ಒಂದೇ ಹಾಳೆಯದು. ಓದುವ ಮೊದಲೇ ಅವಳಿಗೆ ಆ ಕೈ ಗುರುತಾಯಿತು. ಅಕ್ಷರಗಳು ದುಂಡಗೆ, ಜೋಳದ ಕಾಳು ಸಾಲಾಗಿ ಇಟ್ಟಂತಿದ್ದವು. ತಲೆಕಟ್ಟುಗಳೆಲ್ಲ ಒಂದೇ ಏಟಿಗೆ ಹೊಡೆದಂತೆ ಬಲಕ್ಕೆ ಕೊಂಚ ವಾಲಿದ್ದವು. ಈ ಲೋಕದಲ್ಲಿ ಹೀಗೆ ಬರೆಯುತ್ತಿದ್ದವರು ಗಂಗಾಬಾಯಿ ಅಕ್ಕೋರು ಮಾತ್ರ.

ಗಂಗಾಬಾಯಿ ಅಕ್ಕೋರು ಆಳಂದ ತಾಲೂಕಿನ ಸರಸಂಬಾದವರು. ಹರೆಯದಲ್ಲಿ ಒಂದು ತಗಡಿನ ಟ್ರಂಕು ಹಿಡಿದುಕೊಂಡು ಅತ್ತಿವಾಡದ ಶಾಲೆಗೆ ಕಲಿಸಲು ಬಂದವರು ಅಲ್ಲೇ ಉಳಿದುಬಿಟ್ಟರು. ಮಸರತ ಶಾಲೆಗೆ ಹೋದ ಮೊದಲ ದಿನ ಅವಳ ಬಾಯಲ್ಲಿ ಇದ್ದದ್ದು ಮನೆಯ ಮಾತು, ಕನ್ನಡದ ಒಂದು ಅಕ್ಷರವೂ ಗೊತ್ತಿರಲಿಲ್ಲ. ಅಕ್ಕೋರು ಅವಳನ್ನು ಪಕ್ಕದಲ್ಲಿ ಗೋಣಿಚೀಲದ ಮೇಲೆ ಕೂರಿಸಿಕೊಂಡು, ಅವಳ ಕೈಮೇಲೆ ತಮ್ಮ ಕೈಯಿಟ್ಟು ಪಾಟಿಯ ಮೇಲೆ ತಿದ್ದಿಸಿದರು. ಅವರದೊಂದು ಪದ್ಧತಿಯಿತ್ತು. ಶಬ್ದ ಪೂರ್ತಿ ಬರೆಯಬೇಕು, ತಲೆಕಟ್ಟು ಇಲ್ಲದೆ. ಆಮೇಲೆ ತಿರುಗಿ ಬಂದು ಎಲ್ಲ ಅಕ್ಷರಕ್ಕೂ ಒಮ್ಮೆಲೇ ತಲೆ ಕಟ್ಟಬೇಕು. ಮೊದಲು ಹೊಟ್ಟೆ ತುಂಬಲಿ, ಆಮೇಲೆ ರುಮಾಲು ಸುತ್ತೋಣ ಎಂದು ಅವರು ನಗುತ್ತಿದ್ದರು. ತಪ್ಪಾದರೆ ಬೈಯುತ್ತಿರಲಿಲ್ಲ, ತೊಂಡೆ ಎಲೆ ಕೊಟ್ಟು ಪಾಟಿ ಒರೆಸಲು ಹೇಳುತ್ತಿದ್ದರು. ಆ ಹಸಿ ಎಲೆಯ ವಾಸನೆ ಮಸರತಳಿಗೆ ಕಚೇರಿಯ ಕುರ್ಚಿಯಲ್ಲಿ ಕೂತಲ್ಲೇ ಬಂತು. ಇಷ್ಟು ವರ್ಷ ಆ ಹೆಂಗಸನ್ನು ಒಮ್ಮೆ ಹೋಗಿ ಮಾತಾಡಿಸಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು.

ಹೇಳಿಕೆಯಲ್ಲಿ ಇದ್ದದ್ದು ಇಷ್ಟು: ‘ಪ್ರತಿ ವರ್ಷ ಎಳ್ಳ ಅಮಾವಾಸ್ಯೆಗೆ ನಾನು ಶಾಲೆಯ ಮಕ್ಕಳನ್ನು ಈ ಬಂಡಿದಾರಿಯಿಂದಲೇ ಹೊಲಕ್ಕೆ ಕರೆದುಕೊಂಡು ಹೋಗಿದ್ದೇನೆ. ದಾರಿಯಲ್ಲಿ ಬಂಡಿಯ ಜಾಡು ಆಳವಾಗಿತ್ತು. ಸಣ್ಣ ಮಕ್ಕಳು ಜಾಡಿನೊಳಗೆ ನಡೆಯುತ್ತಿದ್ದರು. ದಾರಿ ಇರಲಿಲ್ಲ ಎನ್ನುವುದು ಸುಳ್ಳು.’ ಕೆಳಗೆ ಹೆಸರು, ಸಹಿ.

ಆ ಜಾಡಿನೊಳಗೆ ನಡೆದ ಸಣ್ಣ ಮಕ್ಕಳಲ್ಲಿ ಮಸರತಳೂ ಒಬ್ಬಳು. ಒಬ್ಬರ ಹಿಂದೊಬ್ಬರು, ಕೈಯಲ್ಲಿ ಬುತ್ತಿ, ಎರಡೂ ಕಡೆ ಕಾಯಿ ಹಿಡಿದ ತೊಗರಿ. ಹೊಲದಲ್ಲಿ ಭೂತಾಯಿಗೆ ಚರಗ ಚೆಲ್ಲಿದ ಮೇಲೆ ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಯಾರ ಬುತ್ತಿ ಯಾರು ಉಂಡರೋ ಲೆಕ್ಕವಿಲ್ಲ.

ನೆನಪು ಸಾಕುಮಾಡಿ ಮಸರತ ಕೆಲಸಕ್ಕೆ ಬಂದಳು. ಧರ್ಮಣ್ಣನಿಗೆ ಕಾಗದ ಕೇಳುವ ಹಕ್ಕಿದೆ. ಆ ಕಾಗದ ಸಿಕ್ಕರೆ ದಾರಿ ತೆರೆಯಬಹುದು, ಬಡವರ ತಲೆಯ ಭಾರ ಇಳಿಯಬಹುದು. ಯಾರದಾದರೂ ಜೀವಕ್ಕೆ ಅಪಾಯವಾಗುವಂತಿದ್ದರೆ ಅವರ ಗುರುತು ಮುಚ್ಚಿ ಉಳಿದದ್ದನ್ನು ಕೊಡಬಹುದು ಎಂದು ಕಾಯ್ದೆ ಹೇಳುತ್ತದೆ. ಅವಳು ಒಂದು ನಕಲು ತೆಗೆಸಿ, ಹೆಸರು ಸಹಿಗಳ ಮೇಲೆ ಕಪ್ಪು ಮಸಿ ಬಳಿದಳು. ‘ಶಾಲೆಯ ಮಕ್ಕಳನ್ನು’ ಎನ್ನುವ ಕಡೆಯೂ ಬಳಿದಳು. ದೂರ ಹಿಡಿದು ನೋಡಿದಳು. ಏನು ಮುಚ್ಚಿದರೂ ಅಕ್ಕೋರು ಅಲ್ಲೇ ನಿಂತಿದ್ದರು. ಪುಣೆಗೆ, ಸೊಲ್ಲಾಪುರಕ್ಕೆ ದುಡಿಯಲು ಹೋದ ಮಕ್ಕಳಿಗೆ ಊರ ತಾಯಂದಿರ ಪತ್ರ ಬರೆದುಕೊಟ್ಟವರು ಅವರು. ಲಗ್ನಪತ್ರಿಕೆಯ ಮೇಲೆ ಹೆಸರು ಬರೆದವರು ಅವರು. ಅತ್ತಿವಾಡದಲ್ಲಿ ಓದು ಬಾರದವರಿಗೂ ಆ ಅಕ್ಷರ ಯಾರದೆಂದು ಗೊತ್ತು. ಧರ್ಮಣ್ಣನ ಕೈಗೆ ಈ ಹಾಳೆ ಹೋದರೆ ಸಂಜೆಯೊಳಗೆ ಊರ ಗುಂಪಿನಲ್ಲಿ ಇರುತ್ತದೆ. ಶಂಕರಲಿಂಗನ ಅಂಗಳ ಅಕ್ಕೋರ ಹಿತ್ತಿಲಿಗೆ ಅಂಟಿಕೊಂಡೇ ಇದೆ.

ಮೂರನೆಯವರ ವಿಷಯ ಕಾಗದದಲ್ಲಿದ್ದರೆ ಕೊಡುವ ಮೊದಲು ಅವರಿಗೆ ತಿಳಿಸಿ, ನಿಮ್ಮ ಅಭಿಪ್ರಾಯವೇನು ಎಂದು ಕೇಳಬೇಕು. ಗುಮಾಸ್ತ ಆಫ್ತಾಬ ಚುರುಕು. ಮಧ್ಯಾಹ್ನದ ಹೊತ್ತಿಗೆ ನೋಟೀಸು ಬರೆದು, ಲಕೋಟೆಗೆ ಹಾಕಿ, ರಿಜಿಸ್ಟರ್ ಮಾಡಲು ಎತ್ತಿಟ್ಟಿದ್ದ. ಮಸರತ ಅದಕ್ಕೆ ಸಹಿ ಮಾಡಿಯೂ ಆಗಿತ್ತು. ಅಂಚೆಗೆ ಹೊರಟವನನ್ನು ನೋಡಿದಾಗ ಅವಳಿಗೆ ಅಜ್ಜನ ಚಹದಂಗಡಿ ಕಣ್ಣಮುಂದೆ ಬಂತು. ಅಂಚೆಯವ ಅಲ್ಲೇ ಬಂದು ಕೂರುತ್ತಿದ್ದ. ಚಹ ಆರುವುದರೊಳಗೆ ಊರಿನ ಕಾಗದಗಳೆಲ್ಲ ಕೈಯಿಂದ ಕೈಗೆ ದಾಟಿ, ಯಾರಿಗೆ ಎಲ್ಲಿಂದ ಏನು ಬಂತೆಂದು ಜಾಹೀರಾಗಿ, ಆಮೇಲೆ ಮನೆ ಮುಟ್ಟುತ್ತಿದ್ದವು. ಯಾರಿಗೂ ಅದು ತಪ್ಪೆನಿಸಿರಲಿಲ್ಲ. ಈಗ ಚಹದಂಗಡಿ ಬೇರೆ, ಅಂಚೆಯವನೂ ಬೇರೆ, ಊರು ಮಾತ್ರ ಅದೇ. ಗಂಗಾಬಾಯಿ ಅಕ್ಕೋರಿಗೆ ತಹಸೀಲಿನಿಂದ ಮುದ್ರೆಯ ಲಕೋಟೆ ಬಂತಂತೆ ಎಂದರೆ ಸಾಕು, ಒಳಗಿನದನ್ನು ಯಾರೂ ಓದಬೇಕಾಗಿಲ್ಲ. ಕಾಪಾಡಲು ಕಳಿಸುವ ಕಾಗದವೇ ಅವರನ್ನು ತೋರಿಸಿಕೊಡುತ್ತಿತ್ತು. ಮಸರತ ಎದ್ದು ಹೋಗಿ ಆಫ್ತಾಬನ ಕೈಯಿಂದ ಲಕೋಟೆ ಇಸಿದುಕೊಂಡು ತನ್ನ ಚೀಲದಲ್ಲಿ ಹಾಕಿಕೊಂಡಳು.

ರವಿವಾರ ಅವಳು ಅಫಜಲಪುರದ ನಿಲ್ದಾಣದಲ್ಲಿ ಬಸ್ಸು ಹತ್ತಿದಳು. ಜೀಪು ಒಯ್ದರೆ ಲಕೋಟೆಗಿಂತ ಕೆಟ್ಟದ್ದಾಗುತ್ತಿತ್ತು. ಅತ್ತಿವಾಡದಲ್ಲಿ ಇಳಿದಾಗ ಕಾಲು ತಾನಾಗಿ ಅಜ್ಜನ ಅಂಗಡಿಯ ಕಡೆ ನಡೆಯಿತು. ಅಲ್ಲಿ ಸಿಮೆಂಟಿನ ಚೀಲಗಳಿದ್ದವು. ಕಟ್ಟೆಯ ಮೇಲಿದ್ದ ಮುದುಕಿಯೊಬ್ಬಳು ನೀ ಯಾರ ಪೈಕಿಯವ್ವ ಎಂದು ಕೇಳಿ, ಹುಸೇನಸಾಬರ ಮೊಮ್ಮಗಳೆಂದು ತಿಳಿದ ಮೇಲೆ ಎರಡೂ ಕೈಯಿಂದ ಅವಳ ಕೆನ್ನೆ ಸವರಿ ನೆಟಿಗೆ ಮುರಿದಳು. ನಿಮ್ಮಜ್ಜನಂಥ ಚಹ ಆಮೇಲೆ ಯಾರೂ ಕುಡಿಸಲಿಲ್ಲ ಎಂದಳು. ಅಕ್ಕೋರನ್ನು ನೋಡಲು ಬಂದೆ ಎಂದರೆ ಯಾರಿಗೂ ಸಂಶಯ ಬರಲಿಲ್ಲ. ಸಂಶಯ ಬರಲು ಅದು ಸುಳ್ಳೂ ಆಗಿರಲಿಲ್ಲ.

ಅಕ್ಕೋರು ತಮ್ಮನ ಮಗಳು ಮಲ್ಕಮ್ಮನ ಜೊತೆ ಇದ್ದರು. ಮಸರತ ಹೋದಾಗ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಬೆನ್ನು ಮಾತ್ರ ಶಾಲೆಯಲ್ಲಿ ಕೂರುತ್ತಿದ್ದಂತೆ ನೆಟ್ಟಗಿತ್ತು. ಗುರುತು ಹಿಡಿಯಲು ಅವರಿಗೆ ಕ್ಷಣವೂ ಬೇಕಾಗಲಿಲ್ಲ.

“ಬಾ ಬೇ ಮಸರತ. ಇಷ್ಟ ವರ್ಷ ಬೇಕಾತೇನು ದಾರಿ ಸಿಗಲಾಕ?”

ಅಷ್ಟಕ್ಕೇ ಮಸರತಳ ಕಣ್ಣು ತುಂಬಿತು. ಬಗ್ಗಿ ಕಾಲು ಮುಟ್ಟಿದಳು. ಅಕ್ಕೋರು ಹಿಟ್ಟಿನ ಕೈ ಮೇಲಕ್ಕೆತ್ತಿ, ಮೊಣಕೈಯಿಂದಲೇ ಅವಳನ್ನು ಹತ್ತಿರ ಎಳೆದುಕೊಂಡರು. ಮಲ್ಕಮ್ಮ ಹೊರಗೆ ಹೋದ ಮೇಲೆ ಮಸರತ ದನಿ ತಗ್ಗಿಸಿ ಬಂದ ಕಾರಣ ಹೇಳಿದಳು. ಹಿತ್ತಿಲ ಗೋಡೆಯಾಚೆ ಟ್ರ್ಯಾಕ್ಟರು ಗುಡುಗುಡು ಎನ್ನುತ್ತಿತ್ತು. ಅಕ್ಕೋರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ, ಇನ್ನೂ ಜೋರಾಗಿ ಬಡಿದರು. ಅದರ ಸದ್ದಿನಲ್ಲಿ ಮಾತು ಗೋಡೆ ದಾಟುವಂತಿರಲಿಲ್ಲ.

ಹೆಸರಿನ ಸಮೇತ ಕೊಟ್ಟುಬಿಡು, ಈ ವಯಸ್ಸಿಗೆ ನನಗೇನು ಎಂದರು ಮೊದಲು. ಮಸರತ ಬೀರಣ್ಣನ ಹೆಸರೆತ್ತಿದಳು. ಅಕ್ಕೋರ ಕೈ ನಿಂತಿತು.

“ಖರೇ ಹೇಳ್ತೇನಿ ಬೇ. ಅಂಜಿಕಿ ಆಗ್ತದ. ಬಾಗಲಾ ಬಡದ್ರ ಎದಿ ಝಲ್ ಅಂತದ. ಆ ಶಂಕರಲಿಂಗ ನನ್ನ ಕೈಯಾಗ ಕಲ್ತ ಹುಡುಗ. ಅಮಾಸಿಗಿ ಹೊಲಕ್ಕ ಹೋಗ್ಬೇಕಾದ್ರ ನಿಮ್ಮಂಥ ಸಣ್ಣ ಹುಡುಗರನ್ನ ಹೆಗಲ ಮ್ಯಾಲ ಕುಂಡ್ರಿಸ್ಕೊಂಡು ಹಳ್ಳ ದಾಟಸ್ತಿದ್ದ. ಅದ ಹುಡುಗಗ ಅಂಜಿ ಕುಂತೇನಿ.”

ಮತ್ತೆ ಯಾಕೆ ಬರೆದಿರಿ ಎಂದು ಮಸರತ ಕೇಳಿದಳು. ದಾರಿ ಇರಲಿಲ್ಲ ಎಂದನಲ್ಲ, ಅದಕ್ಕೆ ಎಂದರು ಅಕ್ಕೋರು. ಇರಲಿಲ್ಲ ಎಂದರೆ ನಾವು ಎಲ್ಲಿ ನಡೆದೆವು? ಆ ಮಕ್ಕಳು, ಆ ಬುತ್ತಿ, ಆ ಬಿಸಿಲು ಎಲ್ಲ ಸುಳ್ಳೇ? ಅಂಜಿಕೆ ಬೇರೆ, ಅದು ಬೇರೆ.

ಅವರ ಅಭಿಪ್ರಾಯ ಬರಹದಲ್ಲಿ ಬೇಕಿತ್ತು. ಕೈಯೆಲ್ಲ ಹಿಟ್ಟಾಗಿದೆ, ನೀನೇ ಬರಿ, ನಾ ಆಮೇಲೆ ಸಹಿ ಹಾಕುತ್ತೇನೆ ಎಂದರು. ಅವರು ಹೇಳಿದ್ದನ್ನು ಮಸರತ ಬರೆದಳು. ಹೇಳಿಕೆ ಕೊಡಲು ನನ್ನ ಒಪ್ಪಿಗೆಯಿದೆ, ನಾನು ಯಾರೆಂದು ತಿಳಿಯುವುದಕ್ಕೆ ಒಪ್ಪಿಗೆಯಿಲ್ಲ. ಬರೆದದ್ದನ್ನು ಕೊಟ್ಟಾಗ ಅಕ್ಕೋರು ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಹಾಳೆಯನ್ನು ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅವರ ಮುಖದಲ್ಲಿ ಪಾಟಿಯ ಮೇಲೆ ಅಕ್ಷರ ಸರಿಯಾಗಿ ಕೂತಾಗ ಬರುತ್ತಿದ್ದ ನಗು ಬಂತು.

“ಇದು ನೀ ಬರ್ದಿದ್ದೋ, ನಾ ಬರ್ದಿದ್ದೋ?”

ಮಸರತ ಇಣುಕಿ ನೋಡಿದಳು. ಜೋಳದ ಕಾಳಿನ ಸಾಲು. ಬಲಕ್ಕೆ ವಾಲಿದ ತಲೆಕಟ್ಟು. ದಿನಾ ಟಿಪ್ಪಣಿ ಬರೆಯುವ ಸ್ವಂತ ಕೈಯನ್ನು ಅವಳು ಯಾವತ್ತೂ ಹೀಗೆ ನೋಡಿರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಲೆಯ ಮೇಲಿನ ರೊಟ್ಟಿ ಸೀದುಹೋಯಿತು.

ಮಸರತ ಏನೋ ಹೇಳಹೊರಟಳು. ಅಕ್ಕೋರು ಬೇಡವೆಂದು ಕೈಯಾಡಿಸಿದರು. ನೀನು ಸರಕಾರದವಳು, ಇದರಲ್ಲಿ ನಿನ್ನ ಕೆಲಸವಿಲ್ಲ, ಕಾಯ್ದೆಯಲ್ಲಿ ಎಷ್ಟು ದಿನ ಇದೆಯೋ ಅಷ್ಟು ದಿನ ತಡೆ ಎಂದರು. ಬಿಸಿ ರೊಟ್ಟಿ, ಪುಂಡಿಪಲ್ಯೆ ಹಾಕಿ ಉಣಿಸಿ ಕಳಿಸಿದರು. ಹೊರಡುವಾಗ ಉಡಿಯಲ್ಲಿ ಅಕ್ಕಿ, ಕೊಬ್ಬರಿ ಹಾಕಿದರು, ತವರಿನಿಂದ ಮಗಳನ್ನು ಕಳಿಸುವ ಹಾಗೆ. ಬಸ್ಸಿನಲ್ಲಿ ಮಸರತ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಹೊರಗೆ ನೋಡುತ್ತ ಕೂತಳು.

ಆಮೇಲೆ ಟಪಾಲು ಬರತೊಡಗಿತು. ಅಕ್ಕೋರು ತಾವು ಕಲಿಸಿದ ಮಕ್ಕಳಲ್ಲಿ ಯಾರಿಗೆ ಹ್ಯಾಗೆ ಹೇಳಿಕಳಿಸಿದರೋ, ಮಸರತ ಕೇಳಲಿಲ್ಲ. ಒಂದು ದಿನ ಒಂದು, ಮರುದಿನ ಒಂದಿಷ್ಟು. ಎಲ್ಲವೂ ತಹಸೀಲ್ದಾರರ ಹೆಸರಿಗೆ, ಎಲ್ಲವೂ ಕೈಯಿಂದ ಬರೆದದ್ದು, ಎಲ್ಲವೂ ದುಂಡಗೆ. ಜೇವರ್ಗಿ ಕಡೆ ಕೊಳಕೂರಿಗೆ ಮದುವೆಯಾಗಿ ಹೋದ ನಾಗರತ್ನಾ ಬರೆದಿದ್ದಳು, ಆ ದಾರಿಯಲ್ಲಿ ನನ್ನ ಬೆಳ್ಳಿ ಕಾಲುಚೈನು ಬಿದ್ದು ಹೋಗಿ ಅವ್ವನ ಕೈಯಲ್ಲಿ ಹೊಡೆತ ತಿಂದಿದ್ದೇನೆ, ಆದ್ದರಿಂದ ದಾರಿ ಇದ್ದದ್ದು ಖಾತ್ರಿ ಎಂದು. ಒಬ್ಬರು ಹಳ್ಳದ ದಂಡೆಯ ಬಾರೆಹಣ್ಣಿನ ಗಿಡದ ಬಗ್ಗೆಯೇ ಅರ್ಧ ಹಾಳೆ ಬರೆದಿದ್ದರು. ಇನ್ನೊಬ್ಬರು ತಮ್ಮ ಮದುವೆಯ ದಿಬ್ಬಣದ ಬಂಡಿ ಅದೇ ದಾರಿಯಿಂದ ಬಂತೆಂದು ಬರೆದು, ಹೇಳಿಕೆಗೆ ಬೇಡವಾಗಿದ್ದರೂ ಅವತ್ತು ಮಾಡಿದ ಅಡುಗೆಯನ್ನೆಲ್ಲ ಸೇರಿಸಿದ್ದರು. ಓದುತ್ತ ಓದುತ್ತ ಮಸರತ ಒಬ್ಬಳೇ ನಕ್ಕಳು, ಕಣ್ಣೊರೆಸಿಕೊಂಡಳು. ಬರೆಯದವರೂ ಇದ್ದರು. ವರ್ಗದಲ್ಲಿ ಮುಂದೆ ಕೂರುತ್ತಿದ್ದ, ಎಲ್ಲದಕ್ಕೂ ಮೊದಲು ಕೈಯೆತ್ತುತ್ತಿದ್ದ ಅನುರಾಧಾಳ ಕಾಗದ ಬರಲೇ ಇಲ್ಲ. ಅವಳ ಗಂಡ ಶಂಕರಲಿಂಗನ ಟ್ರ್ಯಾಕ್ಟರು ಹೊಡೆಯುತ್ತಾನೆ. ಮಸರತಳಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ.

ಮಸರತ ಬರೆದವರೆಲ್ಲರ ಅಭಿಪ್ರಾಯ ತರಿಸಿ ದಾಖಲಿಸಿ, ಕೊನೆಗೆ ಆ ಕಟ್ಟಿನೊಳಗೆ ಗಂಗಾಬಾಯಿ ಅಕ್ಕೋರ ಹಾಳೆಯನ್ನೂ ಸೇರಿಸಿದಳು. ಹೆಸರು, ಸಹಿ, ಊರು, ಗುರುತು ಹತ್ತುವ ಮಾತು ಎಲ್ಲಕ್ಕೂ ಮಸಿ ಬಳಿದಳು. ನಾಗರತ್ನಾಳ ಕಾಲುಚೈನಿಗೂ ಬಳಿಯಬೇಕಾಯಿತು, ಆಗ ಸ್ವಲ್ಪ ಸಂಕಟವಾಯಿತು. ಪೂರ್ತಿ ಕಟ್ಟನ್ನು ಮುಂದಿಟ್ಟುಕೊಂಡು ಅಕ್ಕೋರದು ಯಾವುದೆಂದು ತಾನೇ ಹುಡುಕಿದಳು. ಎರಡು ಸಲ ತಪ್ಪಿದಳು.

ನಕಲು ಒಯ್ಯಲು ಬಂದ ಧರ್ಮಣ್ಣ ಮಸಿ ನೋಡಿ ಕೆರಳಿದ. ಕಾಯ್ದೆ ಇರುವುದು ತೆರೆಯಲಿಕ್ಕೆ, ಮುಚ್ಚಲಿಕ್ಕೆ ಅಲ್ಲ, ಮೇಲ್ಮನವಿ ಹೋಗುತ್ತೇನೆ ಎಂದ. ಧಾರಾಳವಾಗಿ ಹೋಗಿ, ಅರ್ಜಿಯ ನಮೂನೆ ಹೊರಗೆ ಸಿಗುತ್ತದೆ ಎಂದಳು ಮಸರತ. ಆಮೇಲೆ ಅವನನ್ನು ಕೂರಿಸಿ ಹೇಳಿದಳು.

“ಏನ ಹೇಳ್ಯಾರ ಅನ್ನೂದು ಪೂರಾ ನಿಮ್ಮದ್ರಿ. ಯಾರ ಹೇಳ್ಯಾರ ಅನ್ನೂದು ಅವರದು. ಬೀರಣ್ಣಂದು ನೀವ ಎರಡೂ ಕೊಟ್ಟಿದ್ರಿ ಊರಿಗಿ.”

ಧರ್ಮಣ್ಣನ ಮುಖ ಇಳಿಯಿತು. ಬೀರಣ್ಣನಿದ್ದ ಆಸ್ಪತ್ರೆಗೆ ದಿನಾ ಬುತ್ತಿ ಒಯ್ದವನು ಅವನೇ ಎಂದು ಮಸರತಳಿಗೆ ಆಮೇಲೆ ಯಾರೋ ಹೇಳಿದರು. ಅವನು ನಕಲುಗಳನ್ನು ಎದೆಗೆ ಅವುಚಿಕೊಂಡು ಮೆಟ್ಟಿಲಿಳಿದು ಹೋದ. ಸಂಜೆಯೊಳಗೆ ಊರ ಗುಂಪಿಗೆ ಹಾಕಿದನೇನೋ ನಿಜ. ಅಷ್ಟು ಬೇಗ ಬುದ್ಧಿ ಬಂದರೆ ಅವನು ಧರ್ಮಣ್ಣ ಹ್ಯಾಗಾದಾನು.

ಮೂರನೇ ದಿನ ಶಂಕರಲಿಂಗ ತಾನೇ ಬಂದ. ಹುಡುಗರನ್ನು ಹೊರಗೆ ನಿಲ್ಲಿಸಿ, ಒಬ್ಬನೇ ಒಳಗೆ ಬಂದು, ಮಸರತಳ ಮೇಜಿನ ಮೇಲೆ ಒಂದು ಅರ್ಜಿ ಇಟ್ಟ. ಮಾಹಿತಿ ಹಕ್ಕಿನದೇ. ನನ್ನ ಹೊಲದ ವಿಷಯದಲ್ಲಿ ಹೇಳಿಕೆ ಕೊಟ್ಟವರ ಹೆಸರುಗಳು ಬೇಕು, ಅದರಲ್ಲೂ ಮೊದಲು ಬರೆದವರದು ಬೇಕು. ಕಾಯ್ದೆ ಧರ್ಮಣ್ಣನಿಗೆ ಒಂದು, ನನಗೊಂದು ಇದೆಯೇನು ಎಂದು ಕೇಳಿದ. ಇಲ್ಲ, ಒಂದೇ ಎಂದಳು ಮಸರತ. ಈ ಅರ್ಜಿಗೆ ಲಿಖಿತ ಉತ್ತರ ಬರುತ್ತದೆ, ಆದರೆ ಹೆಸರು ಸಿಗುವುದಿಲ್ಲ, ಈಗಲೇ ಹೇಳಿರುತ್ತೇನೆ ಎಂದಳು. ನಿಮ್ಮ ಹೆಸರನ್ನು ಯಾರಾದರೂ ಹೀಗೆ ಕೇಳಿದರೂ, ನಿಮಗೆ ಅಪಾಯವಿದ್ದರೆ ಇದೇ ಉತ್ತರ ಎಂದೂ ಸೇರಿಸಿದಳು.

ಶಂಕರಲಿಂಗ ಫೋನು ತೆಗೆದು ಒಂದು ಹಾಳೆಯ ಚಿತ್ರವನ್ನು ಅವಳ ಮುಂದೆ ಹಿಡಿದ.

“ಹೆಸರ ಯಾಕ್ರಿ ಬೇಕು. ಇದು ಗಂಗಾಬಾಯಿ ಅಕ್ಕೋರ ಅಕ್ಷರ. ನಂಗ ಗೊತ್ತಿಲ್ಲೇನು?”

ಅವನು ತೋರಿಸುತ್ತಿದ್ದದ್ದು ಅಕ್ಕೋರ ಹಾಳೆಯಾಗಿರಲಿಲ್ಲ, ಕೊಳಕೂರಿನ ನಾಗರತ್ನಾಳದು. ಮಸರತ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅವನು ತಂದ ಅರ್ಜಿಯನ್ನು ಅವನ ಕಡೆಗೆ ತಿರುಗಿಸಿ, ಫೋನಿನ ಪಕ್ಕದಲ್ಲಿ ಇಟ್ಟಳು. ಹೊರಗೆ ಅರ್ಜಿ ಬರೆಯುವವರ ಬಾಯಿಗೆ ಬೀಳಬಾರದೆಂದು ಅವನು ಅದನ್ನು ಸ್ವಂತ ಕೈಯಿಂದ ಬರೆದಿದ್ದ. ಟ್ರ್ಯಾಕ್ಟರಿನ ಚಕ್ರ ತಿರುವಿ ದಪ್ಪಗಾದ ಬೆರಳುಗಳವು, ಮಸಿ ಅಲ್ಲಲ್ಲಿ ಚೆಲ್ಲಿತ್ತು. ಆದರೂ ಅಕ್ಷರಗಳು ದುಂಡಗಿದ್ದವು, ತಲೆಕಟ್ಟುಗಳು ಬಲಕ್ಕೆ ವಾಲಿದ್ದವು.

ಶಂಕರಲಿಂಗ ನೋಡಿದ. ಅರ್ಜಿ ನೋಡಿದ, ಫೋನು ನೋಡಿದ, ಬೆರಳಿನಿಂದ ಫೋನಿನ ಮೇಲೆ ಇನ್ನೊಂದು ಹಾಳೆ, ಮತ್ತೊಂದು ಹಾಳೆ ಸರಿಸಿದ. ಸರಿಸುತ್ತ ಹೋದಂತೆ ಅವನ ಕೈ ನಿಧಾನವಾಯಿತು. ಅವನು ಓದುತ್ತಿದ್ದ. ಹಳ್ಳ, ಬುತ್ತಿ, ಬಾರೆ ಗಿಡ. ಒಂದು ಕಡೆ ತೀರ ನಿಂತುಬಿಟ್ಟ. ಹೆಗಲ ಮೇಲೆ ಕೂರಿಸಿಕೊಂಡು ಹಳ್ಳ ದಾಟಿಸಿದ ದೊಡ್ಡ ಹುಡುಗನೊಬ್ಬನ ಬಗ್ಗೆ ಯಾರೋ ಬರೆದಿದ್ದರು. ಆ ಹುಡುಗನ ಹೆಸರಿನ ಮೇಲೂ ಮಸರತ ಮಸಿ ಬಳಿದಿದ್ದಳು.

ಅವನು ಫೋನು ಕೆಳಗಿಟ್ಟ. ಕುರ್ಚಿ ಎಳೆದುಕೊಂಡು ಕೂತ. ಆಮೇಲೆ ಕೇಳಿದ ಮಾತಿನಲ್ಲಿ ಬಂದಾಗಿನ ಜೋರು ಇರಲಿಲ್ಲ.

“ಅಕ್ಕೋರು ಹ್ಯಾಂಗ ಅದಾರ್ರಿ? ಗ್ವಾಡಿ ಆಚಿಗೇ ಇರ್ತಾರ, ಖರೇ ಮಾತಾಡ್ಸಿ ಭಾಳ ದಿನ ಆತು. ನಾ ಹ್ವಾದ್ರ ಬಾಗಲಾ ತಗೆಂಗಿಲ್ಲ.”

“ಊರಾಗ ಯಾರರೆ ತಗೀತಾರೇನ್ರಿ ನಿಮಗ?” ಎಂದಳು ಮಸರತ. ದನಿ ಏರಿಸಲಿಲ್ಲ. “ಎಲ್ಲಾರೂ ಅಂಜ್ಯಾರ. ಅಕ್ಕೋರೂ ಊರಾಗಿನವರ ಅಲ್ರಿ?”

“ಅಕ್ಕೋರು? ನನಗ?”

“ಬೀರಣ್ಣನ ಕೈ ಅವರೂ ನೋಡ್ಯಾರ್ರಿ.”

ಶಂಕರಲಿಂಗ ತನ್ನ ಕೈಗಳನ್ನು ಮೇಜಿನ ಮೇಲಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ಹೊರಗೆ ಅವನ ಹುಡುಗರು ಹಾರ್ನು ಬಾರಿಸಿದರು, ಅವನು ತಿರುಗಿ ನೋಡಲಿಲ್ಲ. ಆಮೇಲೆ ಅರ್ಜಿಯನ್ನು ಎತ್ತಿಕೊಂಡು, ಇದು ಬೇಡ ಎಂದ. ಬೇಡವಾದರೆ ಹಾಗೆಂದು ಬರೆದುಕೊಡಬೇಕಾಗುತ್ತದೆ ಎಂದು ಮಸರತ ಪೆನ್ನು ಮುಂದೆ ಸರಿಸಿದಳು. ಅವನು ತಲೆ ತಗ್ಗಿಸಿ, ಶಾಲೆಯ ಹುಡುಗನ ಹಾಗೆ ನಿಧಾನವಾಗಿ ಬರೆಯತೊಡಗಿದ.